ಎಂಟು ಗಂಟೆ ನಿದ್ದೆ

ನನಗೆ ಸಿಟ್ಟು ಬೇಗ ಬರುತ್ತದೆ ಎಂದು ಕಚೇರಿಯಲ್ಲಿ ಎಲ್ಲರೂ ಹೇಳುತ್ತಿದ್ದರು. ಬೇಗ ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು. ಬರಬೇಕಾದ ಕಡೆ ಅದು ಆರು ತಿಂಗಳು ತಡವಾಗಿ ಬಂತು. ಆ ಆರು ತಿಂಗಳಿಗಾಗಿ ನನ್ನನ್ನು ನಾನೇ ಇವತ್ತಿಗೂ ಬೈದುಕೊಳ್ಳುತ್ತೇನೆ.

ನಾನು ವಿಶಾಲಾಕ್ಷಿ. ಮಂಡ್ಯದ ನೋವು ನಿರ್ಣಯ ಕೇಂದ್ರದಲ್ಲಿ ತಂತ್ರಜ್ಞೆಯಾಗಿದ್ದವಳು. ಬಂದವರ ಹಣೆಗೆ ಪಟ್ಟಿ ಕಟ್ಟುವುದು, ತೆರೆಯ ಮೇಲೆ ಗೆರೆಗಳು ಸರಿಯಾಗಿ ಓಡುತ್ತಿವೆಯೇ ಎಂದು ನೋಡುವುದು, ಬಂದ ಅಂಕವನ್ನು ದಾಖಲೆಗೆ ಸೇರಿಸುವುದು, ಇಷ್ಟೇ ನನ್ನ ಕೆಲಸ. ಇದಕ್ಕೆ ಮೊದಲು ಹದಿನೇಳು ವರ್ಷ ಆಸ್ಪತ್ರೆಗಳಲ್ಲಿ ಮಿದುಳಿನ ಇಇಜಿ ತೆಗೆದವಳು. ತಲೆಗಳನ್ನು ಬೇಕಾದಷ್ಟು ನೋಡಿದ್ದೇನೆ.

ಇಬ್ಬರು ಒಂದೇ ಗಾಡಿಯಿಂದ ಬೀಳುತ್ತಾರೆ, ಇಬ್ಬರಿಗೂ ಅದೇ ಮೂಳೆ ಮುರಿಯುತ್ತದೆ. ಒಬ್ಬರ ನೋವು ಆರು ವಾರಕ್ಕೆ ಹೋಗುತ್ತದೆ, ಇನ್ನೊಬ್ಬರದು ಆರು ವರ್ಷವಾದರೂ ಹೋಗುವುದಿಲ್ಲ. ಯಾಕೆ ಎಂದು ಮೂಳೆಯನ್ನು ಕೇಳಿದರೆ ಉತ್ತರವಿಲ್ಲ. ಎಕ್ಸ್‌ರೇಯಲ್ಲಿ ಇಬ್ಬರ ಮೂಳೆಯೂ ಕೂಡಿಕೊಂಡು ಸುಮ್ಮನಿರುತ್ತದೆ. ಉತ್ತರ ಇರುವುದು ತಲೆಯೊಳಗೆ. ಹಣೆಯ ಹಿಂದೆ ಮಿದುಳಿನ ಒಂದು ಭಾಗವಿದೆ. ಅದಕ್ಕಿಂತ ಆಳದಲ್ಲಿ, ಇದು ಮುಖ್ಯ, ಇದನ್ನು ಮರೆಯಬೇಡ ಎಂದು ಗುರುತು ಹಾಕುವ ಒಂದು ಚಿಕ್ಕ ಭಾಗವಿದೆ. ಇವೆರಡೂ ಸದಾ ಮಾತಾಡಿಕೊಳ್ಳುತ್ತಿರುತ್ತವೆ. ಕೆಲವರಲ್ಲಿ ಈ ಮಾತುಕತೆ ಅತಿಯಾಗಿರುತ್ತದೆ. ಅಂಥವರಿಗೆ ಪೆಟ್ಟು ಬಿದ್ದರೆ ಮಿದುಳು ನೋವನ್ನು ಪಾಠದ ಹಾಗೆ ಕಲಿತುಬಿಡುತ್ತದೆ, ಗಾಯ ಮಾಗಿದ ಮೇಲೂ ಒಪ್ಪಿಸುತ್ತಲೇ ಇರುತ್ತದೆ. ನಮ್ಮ ಪಟ್ಟಿ ಅಳೆಯುವುದು ಈ ಎರಡು ಭಾಗಗಳ ನಂಟನ್ನು. ಸೊನ್ನೆಯಿಂದ ನೂರರವರೆಗೆ ಅಂಕ. ಅರವತ್ತು ದಾಟಿದರೆ ನೋವು ಉಳಿಯುವ ಸಂಭವ ಹೆಚ್ಚು.

ಪಟ್ಟಿಯನ್ನು ಕಂಡುಹಿಡಿದವರ ಉದ್ದೇಶ ಒಳ್ಳೆಯದೇ ಇತ್ತು. ಅರವತ್ತು ದಾಟಿದವರನ್ನು ಪೆಟ್ಟು ಬಿದ್ದ ತೊಂಬತ್ತು ದಿನದೊಳಗೆ ವಾರ್ಡಿಗೆ ಸೇರಿಸಿ, ಹದಿನಾಲ್ಕು ದಿನ ಆಳವಾದ ನಿದ್ದೆ, ಔಷಧಿ, ನಿಧಾನದ ವ್ಯಾಯಾಮ ಕೊಟ್ಟರೆ ನಂಟು ಸಡಿಲವಾಗುತ್ತದೆ, ಮಿದುಳು ಕಲಿತದ್ದನ್ನು ಬಿಡುತ್ತದೆ. ತೊಂಬತ್ತು ದಿನ ದಾಟಿದರೆ ಪಾಠ ಗಟ್ಟಿಯಾಗುತ್ತದೆ. ಆಮೇಲೆ ಯಾವ ಚಿಕಿತ್ಸೆಯೂ ಹತ್ತುವುದಿಲ್ಲ. ಜಿಲ್ಲೆಗೆಲ್ಲ ಸೇರಿ ಅಂಥ ಹಾಸಿಗೆ ಇರುವುದು ಹನ್ನೆರಡು, ಅವೂ ನಮ್ಮ ಕೇಂದ್ರದಲ್ಲೇ, ಮಂಜೂರಾತಿ ಪತ್ರವಿಲ್ಲದೆ ಯಾರಿಗೂ ಸಿಗುವುದಿಲ್ಲ.

ಆಮೇಲೆ ಈ ಪಟ್ಟಿ ನಿಯಮ ಬರೆಯುವವರ ಕೈಗೆ ಸಿಕ್ಕಿತು. ಕಾರ್ಖಾನೆಗಳು ಪ್ರತಿಯೊಬ್ಬ ಕೆಲಸಗಾರರ ಅಂಕವನ್ನು ಮೊದಲೇ ತೆಗೆಸಿಡಬೇಕು ಎಂದರು. ಅದಕ್ಕೆ ಮೂಲ ಅಂಕ ಎಂದು ಹೆಸರಿಟ್ಟರು. ಅಪಘಾತವಾಗಿ ನೋವು ಉಳಿದರೆ ಮೊದಲು ಮೂಲ ಅಂಕ ನೋಡುವುದು. ಅರವತ್ತಕ್ಕಿಂತ ಕಡಿಮೆ ಇದ್ದರೆ ಅದು ಅಪಘಾತದ ನೋವು, ಚಿಕಿತ್ಸೆ ಕಂಪನಿಯ ಹೊಣೆ. ಹೆಚ್ಚಿದ್ದರೆ ಅದು ಅವರ ಸ್ವಭಾವದ ನೋವು, ಕಂಪನಿಗೆ ಸಂಬಂಧವಿಲ್ಲ. ಅಂದರೆ ಚಿಕಿತ್ಸೆ ಯಾರಿಗೆ ಬೇಕೇ ಬೇಕೋ ಅವರನ್ನೇ ಹುಡುಕಿ ಹುಡುಕಿ ಆಚೆ ನಿಲ್ಲಿಸುವುದಕ್ಕೆ ಯಂತ್ರ ಬಳಕೆಯಾಯಿತು. ಇದನ್ನು ಕೂತು ಬರೆದ ಪುಣ್ಯಾತ್ಮರಿಗೆ ಒಂದು ಸಲವಾದರೂ ಹಲ್ಲುನೋವು ಬಂದಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.

ಊರವರು ಇದಕ್ಕೂ ಒಗ್ಗಿಕೊಂಡರು. ಮದ್ದೂರಿನಲ್ಲಿ ಹೆಣ್ಣು ನೋಡಲು ಬಂದವರು ಜಾತಕದ ಜೊತೆ ಅಂಕವನ್ನೂ ಕೇಳತೊಡಗಿದರು. ಎಪ್ಪತ್ತರ ಹುಡುಗಿಗೆ ಬಾಣಂತನದಲ್ಲಿ ಗೋಳು ಜಾಸ್ತಿ ಎಂದು ಯಾರೋ ಹಬ್ಬಿಸಿದ್ದರು. ರೈಲಿನಲ್ಲಿ ನನ್ನ ಎದುರಿಗೆ ಕೂತವರು ನನ್ನ ಗುರುತುಚೀಟಿ ನೋಡಿ, ಮೇಡಂ, ನಮ್ಮ ಹುಡುಗಿದು ವಸಿ ಕಮ್ಮಿ ಮಾಡ್ಕೊಡಕ್ಕಾಯ್ತದಾ ಎಂದು ಕೇಳಿದ್ದೂ ಉಂಟು.

ಪುಟ್ಟಲಿಂಗಮ್ಮ ಕೇಂದ್ರಕ್ಕೆ ಬಂದದ್ದು ಸೆಪ್ಟೆಂಬರ್ ನಡುವಿನಲ್ಲಿ, ಅಪಘಾತವಾಗಿ ಎಪ್ಪತ್ತೈದನೆಯ ದಿನ. ಅವಳು ನನಗೆ ಹೊಸಬಳಲ್ಲ. ಮದ್ದೂರಿನಲ್ಲಿ ನಮ್ಮ ಹಿಂದಿನ ಬೀದಿಯವಳು. ಆರು ವರ್ಷದಿಂದ ನನ್ನ ರವಿಕೆ ಹೊಲಿಯುವವಳು ಅವಳೇ. ವಾರಪೂರ್ತಿ ಹೆದ್ದಾರಿ ಬದಿಯ ಗಾರ್ಮೆಂಟ್ಸ್‌ನಲ್ಲಿ ಕಾಲರ್ ಕೂರಿಸುವುದು, ಭಾನುವಾರ ಮನೆಯಲ್ಲಿ ಬೀದಿಯವರ ರವಿಕೆ. ಜುಲೈ ಮೊದಲ ವಾರ ಓವರ್‌ಟೈಮ್ ಮುಗಿಸಿಕೊಂಡು ಹನ್ನೊಂದು ಜನ ಹೆಂಗಸರು ಟೆಂಪೊದಲ್ಲಿ ಬರುವಾಗ, ಅವರಷ್ಟೇ ನಿದ್ದೆಗೆಟ್ಟಿದ್ದ ಡ್ರೈವರ್ ತೂಕಡಿಸಿ ಗಾಡಿ ಉರುಳಿಸಿದ. ಪುಟ್ಟಲಿಂಗಮ್ಮನಿಗೂ ಅವಳ ಪಕ್ಕದಲ್ಲಿ ಕೂತಿದ್ದ ತಾಜುನ್ನೀಸಾಗೂ ಎಡಗಡೆಯ ಕೊರಳೆಲುಬು ಮುರಿಯಿತು. ಉಳಿದವರು ತರಚುಗಾಯದಲ್ಲಿ ಪಾರಾದರು.

ಆವತ್ತು ಇಬ್ಬರೂ ಜೊತೆಯಲ್ಲೇ ಬಂದಿದ್ದರು. ತಾಜು ತನ್ನ ಚೀಲ, ಪುಟ್ಟಲಿಂಗಮ್ಮನ ಚೀಲ ಎರಡನ್ನೂ ಎಡಗೈಯಲ್ಲೇ ಹಿಡಿದಿದ್ದಳು. ಪುಟ್ಟಲಿಂಗಮ್ಮ ಸೆರಗಿನೊಳಗೆ ತೋಳನ್ನು ಹೊಟ್ಟೆಗೆ ಒತ್ತಿಕೊಂಡು ನಿಂತಿದ್ದಳು. ವರದಿ ಓದಿ ಹೇಳುವುದು ನನ್ನ ಪಾಲಿಗೆ ಬಂದಿತ್ತು. ಮೂಲ ಅಂಕ ಎಪ್ಪತ್ತೊಂದು, ನೋವು ಪೂರ್ವಪ್ರವೃತ್ತಿಯದು, ಅರ್ಜಿ ತಿರಸ್ಕೃತ. ಓದುವಾಗ ನನಗೆ ಏನೂ ಅನ್ನಿಸಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ದಿನಕ್ಕೆ ಹತ್ತು ಹನ್ನೆರಡು ಇಂಥವನ್ನು ಓದಿ ನನಗೂ ಅಭ್ಯಾಸವಾಗಿತ್ತು.

ಪುಟ್ಟಲಿಂಗಮ್ಮ ಹಾಗಂದರೇನು ಎಂದು ಕೇಳಿದಳು. ನೋವು ಮೊದಲಿಂದ ನಿನ್ನಲ್ಲೇ ಇತ್ತು ಎಂದು ಯಂತ್ರ ಹೇಳುತ್ತದೆ ಎಂದೆ. ಟೆಂಪೊ ಬೀಳುವ ಮೊದಲು ತಾನು ದಿನಕ್ಕೆ ಆರುನೂರು ಕಾಲರ್ ಕೂರಿಸುತ್ತಿದ್ದೆನಲ್ಲ ಎಂದಳು. ನಾನು ವರದಿಯನ್ನು ಮಡಿಚಿ ಅವಳ ಮುಂದಿಟ್ಟೆ. ತಾಜು ಮೇಜಿನ ಮೇಲೆ ಕೈಯೂರಿ ಕೇಳಿದಳು.

"ನನ್ನ ಅಂಕ ನಲವತ್ನಾಕು ಅಂತ ನಂಗೆ ಹದ್ನಾಕು ದಿನ ಬೆಡ್ಡು ಕೊಟ್ರಿ. ನಾನು ಸೇರೋ ಹೊತ್ಗೆ ನನ್ ನೋವು ಆಗ್ಲೇ ಹೋಗಿತ್ತು ಮೇಡಂ. ಊಟ ಮಾಡ್ಕಂಡು ನಿದ್ದೆ ಮಾಡ್ಕಂಡು ಬಂದೆ. ಆ ಬೆಡ್ಡು ಇವ್ಳಿಗೆ ಕೊಡ್ಬೇಕಿತ್ತು ಅಂತ ನಂಗೇ ಗೊತ್ತಾಯ್ತದೆ, ನಿಮ್ ಮಿಷನ್ನಿಗೆ ಯಾಕೆ ಗೊತ್ತಾಗಲ್ಲ?"

ಅದು ನಿಯಮ ಎಂದೆ. ತಾಜು ನನ್ನನ್ನು ಮೇಲಿಂದ ಕೆಳಗೆ ನೋಡಿ, ಎರಡು ಚೀಲವನ್ನೂ ಎತ್ತಿಕೊಂಡು ಪುಟ್ಟಲಿಂಗಮ್ಮನನ್ನು ಕರೆದುಕೊಂಡು ಹೋದಳು. ಆ ನೋಟ ಮಂಡ್ಯದಿಂದ ಮದ್ದೂರಿನವರೆಗೆ ರೈಲಿನಲ್ಲಿ ನನ್ನ ಜೊತೆಯೇ ಬಂತು.

ಭಾನುವಾರ ನಾನು ಪುಟ್ಟಲಿಂಗಮ್ಮನ ಮನೆಗೆ ಹೋದೆ. ಎಂಬತ್ತನೆಯ ದಿನ. ಕೊಟ್ಟಿದ್ದ ಬಟ್ಟೆ ವಾಪಸು ತರುವ ನೆಪವಿತ್ತು. ಹೊಲಿಗೆ ಯಂತ್ರದ ಮೇಲೆ ಹಾಸಿದ ಟವಲಿನ ಮೇಲೆ ಮಡಿಚಿದ ಬಟ್ಟೆಯ ರಾಶಿ. ಹೈಸ್ಕೂಲಿನ ಮಗಳು ಒಲೆಯ ಮೇಲಿನ ಪಾತ್ರೆಯಲ್ಲಿ ಮುದ್ದೆ ತಿರುವುತ್ತಿದ್ದಳು, ಹಿಟ್ಟು ಗಂಟಾಗಿತ್ತು. ಪುಟ್ಟಲಿಂಗಮ್ಮ ಬಾಗಿಲ ಪಕ್ಕ ಗೋಡೆಗೆ ಒರಗಿ ಕೂತು, ಬಲಗೈಯಲ್ಲಿ ಎಡ ಭುಜವನ್ನು ಹಿಡಿದುಕೊಂಡೇ ಮಗಳಿಗೆ ಹೇಗೆ ತಿರುವಬೇಕೆಂದು ಹೇಳಿಕೊಡುತ್ತಿದ್ದಳು. ಸೆರಗು ಮುಟ್ಟಿದರೂ ಭುಜಕ್ಕೆ ಕೆಂಡ ಇಟ್ಟ ಹಾಗಾಗುತ್ತದಂತೆ.

ಅವಳ ಗಂಡ ಸಿದ್ದಪ್ಪಾಜಿ ಗೂಡ್ಸ್ ಆಟೊ ಓಡಿಸುವವನು, ಕೆಟ್ಟವನೇನಲ್ಲ. ಮೊದಲ ಎರಡು ತಿಂಗಳು ಅವಳ ತಲೆ ತಾನೇ ಬಾಚಿದವನು. ವರದಿ ಮನೆಗೆ ಬಂದ ಮೇಲೆ ಅವನ ಮಾತು ಬದಲಾಯಿತು. ನನ್ನ ಮುಂದೆಯೇ ಹೇಳಿದ, ಗೌರ್ಮೆಂಟ್ ಮಿಷನ್ನೇ ನಿಂದು ಸ್ವಭಾವ ಅಂದದೆ, ಇನ್ನೂ ಎಷ್ಟು ದಿನ ಹಿಂಗೇ ಕೂತಿರ್ತೀಯ ಎಂದು. ನನಗೆ ಮೈಯೆಲ್ಲ ಉರಿಯಿತು. ಅವನಿಗೆ ಬಾಯಿಗೆ ಬಂದದ್ದು ಬೈಯಬೇಕೆಂದುಕೊಂಡೆ, ಆದರೆ ಆ ಕಾಗದವನ್ನು ಓದಿ ಕೈಗೆ ಕೊಟ್ಟವಳು ನಾನೇ. ಯಾವ ಮುಖ ಇಟ್ಟುಕೊಂಡು ಬೈಯಲಿ?

ಅವನು ಆಟೊ ತೆಗೆದುಕೊಂಡು ಹೋದ ಮೇಲೆ ಪುಟ್ಟಲಿಂಗಮ್ಮ ಸಣ್ಣಗೆ ಕೇಳಿದಳು.

"ವಿಶಾಲಕ್ಕ, ಆವತ್ತು ಕ್ಯಾಂಟೀನಲ್ಲಿ ಪಟ್ಟಿ ಕಟ್ಟುದ್ರಲ್ಲ, ನಾನು ಕೂತಲ್ಲೇ ನಿದ್ದೆ ಹೊಡ್ದುಬಿಟ್ಟಿದ್ದೆ. ನೀವೇ ಎಬ್ಬುಸುದ್ರಿ, ಗೆಪ್ತಿ ಅದ್ಯಾ? ನಾನು ನಿದ್ದೆ ಮಾಡಿದ್ಕೇ ಅಂಕ ಜಾಸ್ತಿ ಬಂದ್ಬುಡ್ತಾ?"

ತಪ್ಪು ತನ್ನದೇ ಇರಬಹುದೆಂದು ವರದಿ ಕೇಳಿದ ದಿನದಿಂದ ಮನಸ್ಸಿನಲ್ಲಿ ಇಟ್ಟುಕೊಂಡು ಕೂತಿದ್ದಾಳೆ. ನನಗೆ ತಕ್ಷಣ ಎಲ್ಲ ನೆನಪಾಯಿತು. ಬಟ್ಟೆಯ ಗಂಟನ್ನು ಅಲ್ಲೇ ಬಿಟ್ಟು ಎದ್ದು ಬಂದೆ.

ಮಾರ್ಚ್ ಕೊನೆಯ ವಾರ. ಶಿಪ್‌ಮೆಂಟ್ ಎಂದು ಏಳರಿಂದ ಹನ್ನೆರಡರವರೆಗಿನ ಹೊಲಿಗೆ ಲೈನುಗಳ ಹೆಂಗಸರು ಮೂರು ವಾರದಿಂದ ದಿನಕ್ಕೆ ಹದಿನಾಲ್ಕು ಗಂಟೆ ಹೊಲಿಯುತ್ತಿದ್ದರು. ಮನೆಗೆ ಹೋಗಿ ಅಡುಗೆ ಮಾಡಿ ಮಲಗಿ ಮತ್ತೆ ಐದಕ್ಕೆ ಏಳುವುದು. ಅಂಥ ವಾರದಲ್ಲೇ ಕಂಪನಿಯವರು ನಮ್ಮನ್ನು ಮೂಲ ಅಂಕ ತೆಗೆಯಲು ಕರೆಸಿದ್ದರು, ಯಾಕೆಂದರೆ ವರ್ಷದ ಗಡುವು ಮಾರ್ಚ್ ಮೂವತ್ತೊಂದು. ಕ್ಯಾಂಟೀನಿನ ಬೆಂಚಿನ ಮೇಲೆ ಸಾಲಾಗಿ ಕೂರಿಸಿದರು. ಹತ್ತು ಹತ್ತು ಜನಕ್ಕೆ ಒಟ್ಟಿಗೆ ಪಟ್ಟಿ, ಒಬ್ಬೊಬ್ಬರಿಗೂ ನಾಲ್ಕು ನಿಮಿಷ. ಅರ್ಧಕ್ಕರ್ಧ ಜನ ಪಟ್ಟಿ ಕಟ್ಟಿದ ಕೂಡಲೇ ತೂಗಿದರು. ಕಣ್ಣು ತೆರೆದಿರಬೇಕೆಂದು ಗಲ್ಲ ತಟ್ಟಿ ಎಬ್ಬಿಸಿದವಳು ನಾನೇ.

ನಮ್ಮ ಕೈಪಿಡಿಯಲ್ಲಿ ಸ್ಪಷ್ಟವಾಗಿ ಬರೆದಿದೆ. ನಿದ್ದೆಗೆಟ್ಟ ಮಿದುಳು ಎಲ್ಲವನ್ನೂ ಅಪಾಯ ಎಂದೇ ಓದುತ್ತದೆ, ಆ ಎರಡು ಭಾಗಗಳ ನಂಟು ಬಿಗಿಯಾಗುತ್ತದೆ. ಹಿಂದಿನ ಮೂರು ರಾತ್ರಿ ಆರು ಗಂಟೆಗಿಂತ ಕಡಿಮೆ ಮಲಗಿದವರ ಅಳತೆ ತೆಗೆಯಬಾರದು. ಅದಕ್ಕೆಂದೇ ನಮ್ಮ ಟ್ಯಾಬಿನಲ್ಲಿ ಒಂದು ಪ್ರಶ್ನೆ ಇದೆ, ಹಿಂದಿನ ರಾತ್ರಿಗಳ ನಿದ್ದೆ ಎಷ್ಟು ಗಂಟೆ. ಮೊದಲು ಬಂದ ಹೆಂಗಸನ್ನು ಕೇಳಿದೆ. ಅವಳ ಹಿಂದೆಯೇ ಸೂಪರ್‌ವೈಸರ್ ನಿಂತಿದ್ದ. ಎಂಟು ಗಂಟೆ ಮೇಡಂ ಎಂದಳು, ಪಕ್ಕದವಳು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಎರಡನೆಯವಳೂ ಎಂಟು ಎಂದಳು. ಮೂರನೆಯವಳನ್ನು ನಾನು ಕೇಳಲೇ ಇಲ್ಲ. ಟ್ಯಾಬಿನಲ್ಲಿ 'ಮೇಲಿನಂತೆ' ಎಂಬ ಗುಂಡಿ ಇದೆ, ಒತ್ತಿದರೆ ಇಡೀ ಸಾಲು ತಾನಾಗಿಯೇ ತುಂಬುತ್ತದೆ. ಮುನ್ನೂರ ಹನ್ನೆರಡು ಹೆಂಗಸರಿಗೆ ನಾನು ಎಂಟೆಂಟು ಗಂಟೆ ನಿದ್ದೆ ದಾನ ಮಾಡಿದೆ.

ಯಾರೂ ನನಗೆ ಹೀಗೆ ಮಾಡು ಎಂದು ಹೇಳಿರಲಿಲ್ಲ. ಎಲ್ಲ ಕಚೇರಿಯಲ್ಲೂ ಹೀಗೇ ತಾನೇ. ಜನಗಣತಿಯವರು ನಮ್ಮ ಮನೆಗೆ ಬಂದಾಗ ಬಾಗಿಲಲ್ಲೇ ನಿಂತು ಅರ್ಧ ಕಾಲಂ ತಾವೇ ತುಂಬಿಕೊಂಡು ಹೋದರು, ನಾನೂ ನೋಡುತ್ತ ನಿಂತಿದ್ದೆ. ನಾನೂ ಅದನ್ನೇ ಮಾಡಿದೆ. ಐದೂವರೆಯ ರೈಲು ಹಿಡಿಯಬೇಕಿತ್ತು. ಇಷ್ಟೇ ಕಾರಣ, ಬೇರೆ ಏನೂ ಇಲ್ಲ. ಹೇಳಿಕೊಳ್ಳಲು ಒಂದು ದೊಡ್ಡ ಕಾರಣವಾದರೂ ಇದ್ದಿದ್ದರೆ ಎಂದು ಆಮೇಲೆ ಎಷ್ಟೋ ಸಲ ಅನ್ನಿಸಿತು.

ಸೋಮವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ನಿಯಂತ್ರಣ ಕೊಠಡಿಯಲ್ಲಿ ಕೂತೆ. ಜಿಲ್ಲೆಯ ಎಲ್ಲ ಅಂಕಗಳೂ ಅಲ್ಲಿನ ತೆರೆಯ ಮೇಲೆ ಬರುತ್ತವೆ. ಆ ಗಾರ್ಮೆಂಟ್ಸ್‌ನ ಕಡತ ತೆಗೆದು ಲೈನಿನ ಪ್ರಕಾರ ಜೋಡಿಸಿದೆ. ಒಂದರಿಂದ ಆರರವರೆಗಿನ ಲೈನುಗಳ ಅಳತೆ ಸಂಕ್ರಾಂತಿ ರಜೆ ಮುಗಿದ ಮರುದಿನ ಆಗಿತ್ತು, ಸರಾಸರಿ ನಲವತ್ತಾರು. ಏಳರಿಂದ ಹನ್ನೆರಡರದು ಮಾರ್ಚ್ ಕೊನೆಗೆ, ಸರಾಸರಿ ಅರವತ್ತೊಂಬತ್ತು. ಎರಡೂ ಕಡೆ ಇರುವುದು ಅದೇ ಹಳ್ಳಿಗಳ ಹೆಂಗಸರು. ಅಕ್ಕ ಮೂರನೆಯ ಲೈನು, ತಂಗಿ ಹತ್ತನೆಯ ಲೈನು. ತಾಜು ಜನವರಿಯಲ್ಲಿ ನಾಲ್ಕನೆಯ ಲೈನಿನಲ್ಲಿದ್ದಳು, ಆಮೇಲೆ ಒಂಬತ್ತಕ್ಕೆ ಬಂದವಳು. ಅವಳ ನಲವತ್ತನಾಲ್ಕಕ್ಕೂ ಪುಟ್ಟಲಿಂಗಮ್ಮನ ಎಪ್ಪತ್ತೊಂದಕ್ಕೂ ನಡುವೆ ಇದ್ದದ್ದು ಮೂರು ವಾರದ ನಿದ್ದೆ.

ಒಬ್ಬರಿಗೆ ನೋವು ಯಾಕೆ ಉಳಿಯುತ್ತದೆ, ಇನ್ನೊಬ್ಬರಿಗೆ ಯಾಕೆ ಹೋಗುತ್ತದೆ ಎಂದು ದೇಶದೇಶದ ವಿಜ್ಞಾನಿಗಳು ತಲೆ ಕೆಡಿಸಿಕೊಂಡಿದ್ದರಲ್ಲ, ನನ್ನ ಕಣ್ಣ ಮುಂದಿನ ತೆರೆಯ ಮೇಲೆ ಉತ್ತರದ ಒಂದು ತುಂಡು ಬಿದ್ದಿತ್ತು. ಪೂರ್ತಿ ಉತ್ತರ ಅಲ್ಲ, ನನಗೆ ಗೊತ್ತು. ಹುಟ್ಟು, ಹಿಂದಿನ ಪೆಟ್ಟುಗಳು, ಭಯ, ಇನ್ನೂ ಏನೇನೋ ಸೇರಿರುತ್ತವೆ. ಆದರೆ ಈ ತುಂಡಿಗೆ ಒಂದು ವಿಳಾಸವಿತ್ತು, ಒಂದು ಗೇಟಿತ್ತು, ಗೇಟಿನಲ್ಲಿ ವಾಚ್‌ಮನ್ ಇದ್ದ. ಪುಟ್ಟಲಿಂಗಮ್ಮನ ನಿದ್ದೆ ಕಿತ್ತುಕೊಂಡವರು ಕಂಪನಿಯವರು, ಅದರಿಂದ ಬಿಗಿಯಾದ ಮಿದುಳನ್ನು ನಿನ್ನ ಸ್ವಭಾವ ಎಂದವರೂ ಅವರು. ನಡುವೆ ನಿಂತು ಎಂಟು ಎಂದು ಬರೆದವಳು ನಾನು. ಅವತ್ತು ಕುರ್ಚಿಯಲ್ಲಿ ಕೂತು ಸಿಟ್ಟಿಗೆ ಅತ್ತೆ.

ಕೇಂದ್ರದ ನಿರ್ದೇಶಕ ಡಾಕ್ಟರ್ ವಾಮನಮೂರ್ತಿ ಬೆಂಗಳೂರಿಗೆ ಸಭೆಗೆ ಹೋಗಿದ್ದರು, ಎಂಬತ್ತಮೂರನೆಯ ದಿನ ಸಿಕ್ಕಿದರು. ಮೆತ್ತಗೆ ಮಾತಾಡುವ ಮನುಷ್ಯ, ಯಾರನ್ನೂ ಏಕವಚನದಲ್ಲಿ ಕರೆದದ್ದಿಲ್ಲ. ಎಲ್ಲ ಕೇಳಿಸಿಕೊಂಡರು, ಎರಡು ಸಾಲಿನ ಅಂಕಗಳನ್ನೂ ನೋಡಿದರು. ನನಗೆ ಕಾಫಿ ತರಿಸಿದರು. ಆಮೇಲೆ, ಯಂತ್ರವೇನೂ ಸುಳ್ಳು ಹೇಳಿಲ್ಲವಲ್ಲ, ಆವತ್ತು ಆಕೆಯ ಮಿದುಳು ಇದ್ದದ್ದೇ ಹಾಗೆ, ಅಪಘಾತಕ್ಕೆ ಮೊದಲೇ ಇತ್ತು ಎಂಬುದು ನಿಜ ತಾನೇ ಎಂದರು.

"ಹಾಗೆ ಮಾಡಿದವರು ಯಾರು ಸಾರ್?" ಎಂದೆ.

ಅದು ನಮ್ಮ ಕೇಂದ್ರದ ವ್ಯಾಪ್ತಿಗೆ ಬರುವುದಿಲ್ಲ ಎಂದರು.

ನಿಯಮದ ಪುಸ್ತಕ ನನಗೂ ಗೊತ್ತಿತ್ತು. ಅಳತೆ ತೆಗೆದ ತಂತ್ರಜ್ಞರು ಒಂದು ವರ್ಷದೊಳಗೆ ತಮ್ಮ ಅಳತೆಯನ್ನು ತಾವೇ ಅಮಾನ್ಯ ಮಾಡಬಹುದು, ಅದಕ್ಕೆ ಯಾರ ಒಪ್ಪಿಗೆಯೂ ಬೇಡ. ಮೂಲ ಅಂಕ ಅಮಾನ್ಯವಾದರೆ ನೋವನ್ನು ಅಪಘಾತದ್ದೆಂದೇ ಎಣಿಸಬೇಕು. ಮುನ್ನೂರ ಹನ್ನೆರಡನ್ನೂ ಅಮಾನ್ಯ ಮಾಡುತ್ತೇನೆ ಎಂದೆ. ವಾಮನಮೂರ್ತಿಯವರು ಕನ್ನಡಕ ತೆಗೆದು ಒರೆಸಿದರು. ಮಾಡಬಹುದು, ಆದರೆ ಅಷ್ಟು ದೊಡ್ಡ ಸಂಖ್ಯೆಯಾದರೆ ವಿಚಾರಣೆ ಆಗಲೇಬೇಕು, ವಿಚಾರಣೆ ಮುಗಿಯುವ ತನಕ ಯಾರಿಗೂ ಹಾಸಿಗೆ ಕೊಡುವಂತಿಲ್ಲ, ಸಮಿತಿ ಸೇರುವುದು ಮುಂದಿನ ತಿಂಗಳು ಎಂದರು. ಪುಟ್ಟಲಿಂಗಮ್ಮನಿಗೆ ಉಳಿದಿದ್ದದ್ದು ಏಳು ದಿನ.

ಆಮೇಲೆ ಮೂಗಿಗೆ ತುಪ್ಪ ಸವರಿದರು. ಒಂದೇ ಒಂದು ಅಳತೆಯಲ್ಲಿ ಕೈತಪ್ಪಾಗಿದೆ ಎಂದು ನಾನು ಬರೆದರೆ ವಿಚಾರಣೆ ಬೇಡ, ಅವರೇ ಸಹಿ ಹಾಕುತ್ತಾರೆ, ನಾಳಿದ್ದು ಹಾಸಿಗೆ. ಜೊತೆಗೆ ನಾನು ಒಂದು ಹೇಳಿಕೆ ಕೊಡಬೇಕು, ಉಳಿದ ಮುನ್ನೂರ ಹನ್ನೊಂದು ಅಳತೆಗಳು ಸರಿಯಾಗಿವೆ, ನಿದ್ದೆಯನ್ನು ಒಬ್ಬೊಬ್ಬರನ್ನೂ ಕೇಳಿಯೇ ಬರೆದಿದ್ದೇನೆ ಎಂದು. ನನ್ನ ಕೆಲಸವೂ ಉಳಿಯುತ್ತದೆ ಎಂದು ಸೇರಿಸಿದರು. ಕಾಫಿ ಆರುತ್ತದೆ ಎಂದೂ ನೆನಪಿಸಿದರು. ಲೋಟ ಎತ್ತಿ ಅವರ ಮೇಜಿನ ಮೇಲೆ ಸುರಿಯಬೇಕೆನ್ನಿಸಿತು. ಹಲ್ಲು ಕಚ್ಚಿಕೊಂಡು ಒಂದು ದಿನ ಸಮಯ ಕೊಡಿ ಎಂದು ಕೇಳಿ ಹೊರಟೆ.

ಸಂಜೆ ನೇರವಾಗಿ ಪುಟ್ಟಲಿಂಗಮ್ಮನ ಮನೆಗೆ ಹೋದೆ. ತಾಜುವೂ ಅಲ್ಲೇ ಇದ್ದಳು, ಪುಟ್ಟಲಿಂಗಮ್ಮನ ತಲೆ ಬಾಚುತ್ತಿದ್ದಳು. ನಾನು ಎಲ್ಲವನ್ನೂ ಹೇಳಿದೆ. 'ಮೇಲಿನಂತೆ' ಗುಂಡಿ ಒತ್ತಿದ್ದನ್ನೂ ಬಿಡಲಿಲ್ಲ. ತಾಜುವಿನ ಕೈಯಲ್ಲಿ ಬಾಚಣಿಗೆ ನಿಂತುಹೋಯಿತು. ನಮ್ಮವರು ಎಂಟು ಅಂತ ಹೇಳಿದ್ದು ಸೂಪರ್‌ವೈಸರ್ ಹೆದರಿಕೆಗೆ, ನಿಮ್ಮ ಹಿಂದೆ ಯಾರು ನಿಂತಿದ್ದರು ಎಂದು ಕೇಳಿದಳು. ಯಾರೂ ಇರಲಿಲ್ಲ ಎಂದೆ. ಅವಳ ತಂಗಿಯ ಮಗಳು ಎಂಟನೆಯ ಲೈನಿನಲ್ಲಿದ್ದಳು, ಅಂಕ ಎಪ್ಪತ್ತಮೂರು. ಎರಡು ಸಂಬಂಧ ಬಂದು ಅಂಕ ಕೇಳಿ ಎದ್ದು ಹೋಗಿದ್ದವು. ನಾಳೆ ಅವಳ ಕೈಗೆ ಸೂಜಿ ಹೊಕ್ಕರೆ, ಮುಂದಿನ ಟೆಂಪೊ ಉರುಳಿದರೆ, ಅವಳಿಗೂ ಇದೇ ಗತಿ.

ನಾನು ಪುಟ್ಟಲಿಂಗಮ್ಮನ ಬಾಯಿಂದ ಏನು ಬರಬೇಕೆಂದು ಕಾಯುತ್ತಿದ್ದೆನೋ ನನಗೇ ಗೊತ್ತಿರಲಿಲ್ಲ. ಮಿಕ್ಕವರ ಕತ್ತು ಕೊಯ್ದು ನನಗೆ ಬೇಡ ಎಂದಿದ್ದರೆ ನನ್ನ ಭಾರ ಇಳಿಯುತ್ತಿತ್ತೇನೋ.

"ನಂಗೆ ಬೇಕು ಕಣಕ್ಕ," ಎಂದಳು. "ನಾನೇನು ದೇವ್ರಲ್ಲ. ಮೂರು ತಿಂಗ್ಳಿಂದ ಪಕ್ಕಕ್ಕೆ ಮಗ್ಗುಲಾಗಿಲ್ಲ. ಇನ್ನು ಜೀವಮಾನ್ವೆಲ್ಲ ಹಿಂಗೇ ಅಂದ್ರೆ ನಂಗಾಗಲ್ಲ. ಬೇಕಾದ್ರೆ ಮಿಕ್ಕೋರು ನನ್ ಮಕದ ಮೇಲೆ ಉಗೀಲಿ."

ಆಮೇಲೆ ಅತ್ತಳು. ಅವಳು ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. ತಾಜು ಜಡೆ ಹೆಣೆದು ಮುಗಿಸಿದಳು, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದಳು. ನನಗೆ ಪುಟ್ಟಲಿಂಗಮ್ಮನ ಮೇಲೆ ಒಂದಿಷ್ಟೂ ಸಿಟ್ಟು ಬರಲಿಲ್ಲ. ಇಂಥದ್ದನ್ನು ಒಬ್ಬ ಹೆಂಗಸಿನ ಮುಂದಿಟ್ಟು ಆರಿಸಿಕೋ ಎಂದವರ ಮೇಲೆ ಬಂತು. ಅವರ ಪರವಾಗಿ ಆ ಮಾತನ್ನು ಹೊತ್ತು ತಂದ ನನ್ನ ಮೇಲೂ ಬಂತು.

ಎಂಬತ್ತನಾಲ್ಕನೆಯ ದಿನ ಬೆಳಿಗ್ಗೆ ಹೇಳಿಕೆಗೆ ಸಹಿ ಹಾಕಿದೆ. ವಾಮನಮೂರ್ತಿಯವರು ಅದನ್ನು ಓದಿ, ಅಕ್ಷರ ತುಂಬಾ ಚೆನ್ನಾಗಿದೆ ಎಂದರು.

ಮರುದಿನವೇ ಪುಟ್ಟಲಿಂಗಮ್ಮ ವಾರ್ಡಿಗೆ ಸೇರಿದಳು. ಮೊದಲ ಮೂರು ದಿನ ಬರೀ ನಿದ್ದೆ. ಒಂದು ಸಲ ಗಾಜಿನಾಚೆ ನಿಂತು ನೋಡಿದೆ, ಎಡ ಮಗ್ಗುಲಿಗೇ ತಿರುಗಿ ಮಲಗಿದ್ದಳು. ಆರನೆಯ ದಿನ ಕೈಯನ್ನು ಎದೆಯ ಮಟ್ಟಕ್ಕೆ ಎತ್ತಿದಳು. ಹತ್ತನೆಯ ದಿನ ಅಂಕ ನಲವತ್ತೆಂಟಕ್ಕೆ ಇಳಿಯಿತು. ಸಿದ್ದಪ್ಪಾಜಿ ಬಂದು ನೋಡಿ, ಹಣ್ಣು ಇಟ್ಟು, ಕಾರಿಡಾರಿನಲ್ಲಿ ನಿಂತಿದ್ದ. ಅಂಕ ಹಂಗೆಲ್ಲ ಇಳೀತದಾ ಎಂದು ನನ್ನನ್ನು ಕೇಳಿದ. ಇಳಿಯುತ್ತದೆ, ಮನುಷ್ಯರನ್ನು ಮಲಗಲು ಬಿಟ್ಟರೆ ಇಳಿಯುತ್ತದೆ ಎಂದೆ. ಅವನ ಮೇಲೂ ಒಂದಿಷ್ಟು ಹಾರಾಡಿದೆ, ಅವನು ತಲೆ ತಗ್ಗಿಸಿಕೊಂಡು ಕೇಳಿಸಿಕೊಂಡ.

ಆ ಹದಿನಾಲ್ಕು ದಿನ ಬೀದಿಯಲ್ಲಿ ತಾಜು ನನ್ನನ್ನು ಕಂಡರೆ ಆಚೆ ಬದಿಗೆ ದಾಟುತ್ತಿದ್ದಳು. ಗಾರ್ಮೆಂಟ್ಸ್‌ನವರಿಗೆಲ್ಲ ವಿಷಯ ಹಬ್ಬಿತ್ತು. ತರಕಾರಿ ಅಂಗಡಿಯಲ್ಲಿ ಒಬ್ಬಳು ನನಗೆ ಕೇಳುವ ಹಾಗೆಯೇ, ಮುನ್ನೂರು ಜನದ ತಲೆ ಮೇಲೆ ಗೂಬೆ ಕೂರಿಸಿದವಳು ಎಂದಳು. ಒಂಬತ್ತನೆಯ ದಿನ ಹನ್ನೊಂದನೆಯ ಲೈನಿನ ಹೆಂಗಸೊಬ್ಬಳ ಮುಂಗೈ ಸ್ಟೀಮ್ ಇಸ್ತ್ರಿಗೆ ಸಿಕ್ಕಿ ಸುಟ್ಟಿತು. ಅವಳ ಮೂಲ ಅಂಕ ಅರವತ್ತೇಳು. ಅರ್ಜಿ ನನ್ನ ಮೇಜಿಗೇ ಬಂತು, ತಿರಸ್ಕೃತ ಎಂದು ಓದಿ ಹೇಳುವ ಸರದಿಯೂ ನನ್ನದೇ. ಅವಳ ತೊಂಬತ್ತು ದಿನ ಈಗಷ್ಟೇ ಶುರುವಾಗಿದೆ ಎಂದು ಬೆರಳಲ್ಲಿ ಎಣಿಸಿಕೊಂಡು, ಅವಳನ್ನು ಮುಂದಿನ ವಾರ ಬಾ ಎಂದು ಕಳಿಸಿದೆ. ಅವಳು ಕೈಗೆ ಸುತ್ತಿದ ಬಟ್ಟೆಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಮೆಟ್ಟಿಲು ಇಳಿದು ಹೋದಳು.

ನಾನು ಮಾಡಬೇಕೆಂದಿದ್ದದ್ದನ್ನು ಬಾಯಿಬಿಟ್ಟು ಯಾರಿಗೂ ಹೇಳಲಿಲ್ಲ. ಮಂಜೂರಾತಿಯನ್ನು ನಡುವೆ ರದ್ದು ಮಾಡಿದರೆ ಅವತ್ತೇ ಹಾಸಿಗೆ ಖಾಲಿ ಮಾಡಿಸುತ್ತಾರೆ, ಅದು ನನಗೆ ಚೆನ್ನಾಗಿ ಗೊತ್ತಿತ್ತು.

ಹದಿನಾಲ್ಕನೆಯ ದಿನ ಹನ್ನೊಂದು ಗಂಟೆಗೆ ಪುಟ್ಟಲಿಂಗಮ್ಮನ ಬಿಡುಗಡೆ. ಕೊನೆಯ ಅಳತೆ ನಾನೇ ತೆಗೆದೆ. ಹೇಗೆ ಮಲಗಿದೆ ಎಂದು ಕೇಳಿದೆ, ಎಷ್ಟು ಗಂಟೆ ಎಂದೂ ಕೇಳಿದೆ, ಹೇಳಿದ್ದನ್ನೇ ಬರೆದೆ. ಅಂಕ ನಲವತ್ತಮೂರು. ಅವಳು ತನ್ನ ಚೀಲವನ್ನು ಎಡಗೈಯಲ್ಲಿ ಎತ್ತಿ ಭುಜಕ್ಕೆ ಹಾಕಿಕೊಂಡಳು, ಒಂದು ಕ್ಷಣ ಹಾಗೆಯೇ ನಿಂತು ಕಾದಳು, ಏನೂ ಆಗಲಿಲ್ಲ. ನನ್ನ ಮುಖ ನೋಡುವುದಕ್ಕೆ ಅವಳಿಗೆ ನಾಚಿಕೆಯಾಗುತ್ತಿತ್ತು. ಮಿಕ್ಕೋರ್ದು ಏನಕ್ಕ ಎಂದು ನೆಲ ನೋಡಿಕೊಂಡೇ ಕೇಳಿದಳು. ನೀನು ಮೊದಲು ಆಟೊ ಹತ್ತು ಎಂದು ಗದರಿದೆ. ಸಿದ್ದಪ್ಪಾಜಿ ಕರೆದುಕೊಂಡು ಹೋದ.

ಆಟೊ ಗೇಟು ದಾಟುವುದನ್ನು ಕಿಟಕಿಯಿಂದ ನೋಡಿ ನಿಯಂತ್ರಣ ಕೊಠಡಿಗೆ ಹೋಗಿ ಕೂತೆ. ಒಂದು ಅಳತೆಯನ್ನು ಅಮಾನ್ಯ ಮಾಡಲು ಹೆಸರು ತೆರೆಯಬೇಕು, ಕಾರಣ ಬರೆಯಬೇಕು, ನನ್ನ ಹೆಬ್ಬೆರಳು ಒತ್ತಬೇಕು. ಸಂಜೆಯ ತನಕ ಮಾಡಿದೆ. ಊಟಕ್ಕೆ ಏಳಲಿಲ್ಲ. ಒಬ್ಬೊಬ್ಬರ ಹೆಸರನ್ನೂ ಓದಿದೆ, ಕೆಂಪಮ್ಮಣ್ಣಿ, ಶಕೀಲಾ, ಚೌಡಮ್ಮ, ಹೊಂಬಾಳಮ್ಮ, ಇಸ್ತ್ರಿಗೆ ಕೈ ಸುಟ್ಟುಕೊಂಡವಳು, ತಾಜುವಿನ ತಂಗಿಯ ಮಗಳು. ಪ್ರತಿಯೊಬ್ಬರ ಮುಂದೆಯೂ ಒಂದೇ ಕಾರಣ ಬರೆದೆ: ಇವರು ಎಂಟು ಗಂಟೆ ಮಲಗಿದ್ದರೆಂದು ನಾನು ಸುಳ್ಳು ಬರೆದೆ. ಅದರ ಪ್ರತಿಯನ್ನು ಕಾರ್ಮಿಕ ನ್ಯಾಯಾಲಯಕ್ಕೂ ಕಳಿಸಿದೆ. ಇನ್ನೂ ಗಡುವು ಉಳಿದಿರುವವರೆಲ್ಲ ವಿಚಾರಣೆಗೆ ಕಾಯಬೇಕು, ಕಾಯುವಷ್ಟು ದಿನ ಅವರಲ್ಲಿತ್ತು.

ಮುನ್ನೂರ ಹನ್ನೊಂದನೆಯ ಹೆಸರಿಗೆ ಹೆಬ್ಬೆರಳು ಒತ್ತುವ ಹೊತ್ತಿಗೆ ಫೋನು ಬಂತು. ವಾಮನಮೂರ್ತಿಯವರು ಬೆಂಗಳೂರಿನಿಂದ. ದನಿ ಆವತ್ತು ಮೆತ್ತಗಿರಲಿಲ್ಲ. ಅಮಾನ್ಯದ ಸೂಚನೆಗಳು ತಲುಪಿ ಕಂಪನಿಯವರು ಆಗಲೇ ಅವರಿಗೆ ಬೈದಿದ್ದರು ಎಂದು ಕಾಣುತ್ತದೆ. ನನ್ನ ಕೆಲಸ ಹೋಯಿತು ಎಂದರು, ಪೊಲೀಸರಿಗೆ ದೂರು ಕೊಡುತ್ತೇನೆ ಎಂದರು. ಆಮೇಲೆ ನಿಜವಾಗಿಯೂ ಅರ್ಥವಾಗದವರ ಹಾಗೆ ಕೇಳಿದರು.

"ಉಳಿದದ್ದೆಲ್ಲ ಸರಿಯಾಗಿದೆ ಅಂತ ನನ್ನ ಮುಂದೆ ಕೂತು ನಿಮ್ಮ ಕೈಯಾರೆ ಬರೆದುಕೊಟ್ಟಿರಲ್ಲ ವಿಶಾಲಾಕ್ಷಿಯವರೇ?"

"ಹೌದು ಸಾರ್," ಎಂದೆ. "ಸುಳ್ಳು ಬರೆದೆ. ಮುನ್ನೂರ ಹನ್ನೆರಡು ಸಲ ಬರೆದಾಗ ಯಾರೂ ಕೇಳಲಿಲ್ಲ. ಇದೊಂದನ್ನ ಮಾತ್ರ ಯಾಕೆ ಕೇಳ್ತೀರಿ?"